ಮಗಳ ಮುಂದೆ ಎರಡು

"ಸೊನ್ನೆಯಿಂದ ಹತ್ತರೊಳಗೆ ಭುಜದ ನೋವು ಎಷ್ಟು ಅಂತ ಹೇಳ್ತೀರಿ, ಅಜ್ಜಿ?" ಎಂದು ಡಾಕ್ಟರಮ್ಮ ಕೇಳಿದರು. ಮಗುವನ್ನೆತ್ತಿಕೊಂಡು ನಿಂತಿದ್ದ ಮಗಳನ್ನು ಅಜ್ಜಿ ಓರೆಗಣ್ಣಿನಲ್ಲಿ ನೋಡಿ, "ಎರಡು" ಎಂದಳು. ತೋಳನ್ನು ಕಿವಿಯ ಮಟ್ಟಕ್ಕೆ ಎತ್ತುವಷ್ಟರಲ್ಲಿ ಅವಳ ಹಣೆ ಬೆವೆತಿತ್ತು. ಅಷ್ಟರಲ್ಲಿ ಮಗು ರಚ್ಚೆ ಹಿಡಿಯಿತು. ಮಗಳು ಅದನ್ನು ಸಮಾಧಾನ ಮಾಡಲು ಹೊರಗೆ ಹೋದಳು.

"ಈಗ ನಿಜ ಹೇಳಿ" ಎಂದರು ಡಾಕ್ಟರಮ್ಮ.

"ಒಂಬತ್ತು, ತಾಯಿ. ಅವಳಿಗೆ ಗೊತ್ತಾದ್ರೆ ಮೊಮ್ಮಗನ್ನ ನನ್ನ ಕೈಗೇ ಕೊಡಲ್ಲ."

ಡಾಕ್ಟರಮ್ಮ ನಕ್ಕರು. "ಎತ್ತಿ ಆಡಿಸೋದು ಸದ್ಯಕ್ಕೆ ಬೇಡ. ಕೂತ್ಕೊಂಡು ಮಡಿಲಲ್ಲಿ ಹಾಕ್ಕೊಳ್ಳಿ. ಅದಕ್ಕೆ ಭುಜ ಯಾಕೆ ಬೇಕು?"

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಮಗಳು ಒಳಗೆ ಬಂದಾಗ ತಾನಾಗಿಯೇ ಬಾಯಿಬಿಟ್ಟಳು.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ, ಅಮ್ಮಾ?" ಎಂದು ಮಗಳು ರೇಗಿದಳು. ರೇಗುತ್ತಲೇ ಬಗ್ಗಿ, ಮಗುವನ್ನು ಅಮ್ಮನ ಮಡಿಲಲ್ಲಿ ಮಲಗಿಸಿದಳು.