ಯಾರೂ ಕೇಳದ ನಂಬರು

ಮೂಳೆ ಬೇಯಿಸಿ ಅಂಟು ಮಾಡುವ ಆ ಕಾರ್ಖಾನೆಗೆ ಕಾಲಿಡುತ್ತಲೇ ಸರ್ವರ್ ಅಕ್ಕ ನಾತಕ್ಕೆ ಮೂಗು ಮುಚ್ಚಿಕೊಂಡಳು. ಫೋನು, ಫ್ಯಾಕ್ಸು, ಈಮೇಲು ಮೂರನ್ನೂ ಒಂದೇ ಸರ್ವರಿಗೆ ಕೂಡಿಸುವುದು ಅವಳ ಕಸುಬು. ಆ ಹೆಸರು ಬಿದ್ದದ್ದೂ ಅದರಿಂದಲೇ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಜಾಗ ಕೊಟ್ಟಿದ್ದರು. ಕೀಬೋರ್ಡಿಗೆಲ್ಲ ಜಿಡ್ಡು, ಫ್ಯಾಕ್ಸ್ ಯಂತ್ರದೊಳಗೆ ಸತ್ತ ಜಿರಲೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಎರಡು ದಿನ ದುಡಿದಳು.

ಮೂರನೆಯ ದಿನ ಯಜಮಾನ ಊಟದ ಡಬ್ಬಿ ಹಿಡಿದೇ ಬಂದ. "ಹಿಂದಿನ ಬೀದಿಯವರು ವಾಸನೆ ವಾಸನೆ ಅಂತ ತಲೆ ತಿಂತಾರಮ್ಮ. ದೂರಿನ ನಂಬರನ್ನ ಈ ಸರ್ವರಿಗೇ ತಿರುಗಿಸು. 'ನಿಮ್ಮ ದೂರು ನಮಗೆ ಮುಖ್ಯ' ಅಂತ ಸಿಹಿಯಾಗಿ ಹೇಳಲಿ, ಆಮೇಲೆ ಅವರು ಹೇಳಿದ್ದು ತಾನಾಗೇ ಅಳಿಸಿಹೋಗಲಿ. ಫ್ಯಾಕ್ಸು, ಈಮೇಲು ಎಲ್ಲಾ ಹಾಗೇ."

"ಯಾರೂ ಕೇಳೋದೇ ಇಲ್ವಾ ಸಾರ್?"

"ಕೇಳೋಕೆ ಅದೇನು ಹಾಡಾ?"

ಹೇಳಿದಂತೆ ಮಾಡಿದಳು. ಅರ್ಧ ಗಂಟೆಯಲ್ಲೇ ಮೊದಲ ಕರೆ ಬಂತು, ಮುದುಕಿಯೊಬ್ಬಳ ದನಿ. "ಅಪ್ಪಾ, ಮೊಮ್ಮಗು ತುತ್ತು ಬಾಯಿಗಿಟ್ರೆ ವಾಂತಿ ಮಾಡ್ಕೊಳ್ತಿದೆ. ಉಣ್ಣೋ ಹೊತ್ತಿಗೊಂದು ಗಂಟೆ ನಿಲ್ಸಿ, ಪುಣ್ಯ ಬರುತ್ತೆ."

ಯಜಮಾನ ಅದನ್ನು ಸ್ಪೀಕರಿಗೆ ಹಾಕಿಸಿ, ಗುಮಾಸ್ತನ ಮುಂದೆ ಬಾಯ್ತುಂಬ ಅನ್ನ ಇಟ್ಟುಕೊಂಡೇ ಮುದುಕಿಯನ್ನು ಅಣಕಿಸಿದ. ಎಂಜಲು ಸಿಡಿದು ಸರ್ವರ್ ಅಕ್ಕನ ತೋಳಿಗೆ ಬಿತ್ತು. ಗುಮಾಸ್ತ ನಕ್ಕ. ಅವಳೂ ಹಲ್ಲು ಕಿರಿದಳು.

ಮನೆಗೆ ಬಂದು ಮೂರು ಸಲ ಸೋಪು ಹಚ್ಚಿ ತಿಕ್ಕಿದಳು.

"ಇನ್ನೂ ನಾರ್ತಿದೀನಾ, ನೋಡ್ರೀ?"

"ಇಲ್ವಲ್ಲೇ, ಘಮ ಅಂತಿದೀಯ" ಎಂದ ಗಂಡ.

ತಾನು ನಕ್ಕದ್ದು ನೆನಪಾಗಿ ಅವಳಿಗೆ ತುತ್ತು ಇಳಿಯಲಿಲ್ಲ.

ಬೆಳಿಗ್ಗೆ ಹೋದವಳೇ ದೂರುಗಳು ಅಳಿಯದಂತೆ ಮಾಡಿ, ನೇರ ಯಜಮಾನನ ಫೋನಿಗೇ ಬೀಳುವಂತೆ ತಿರುಗಿಸಿದಳು. ಮುಖಕ್ಕೆ ಹೇಳಿಯೂ ಬಿಟ್ಟಳು: "ಒಂದೊಂದನ್ನೂ ಕೇಳಿ ನೀವೇ ಅಳಿಸ್ಕೊಳ್ಳಿ ಸಾರ್. ಈ ಹೊಲಸು ನನ್ನ ಕೈಯಲ್ಲಾಗಲ್ಲ."

"ನಿನ್ನಂಥೋರು ಬೀದಿಗೆ ಹತ್ತು ಜನ ಸಿಗ್ತಾರೆ, ನಡಿ!"

ಸಿಕ್ಕರು ಕೂಡ. ಮಧ್ಯಾಹ್ನವೇ ಇನ್ನೊಬ್ಬ ಬಂದು ಎಲ್ಲವನ್ನೂ ಮೊದಲಿನಂತೆ ಮಾಡಿಹೋದನೆಂದು ಗುಮಾಸ್ತ ಫೋನು ಮಾಡಿ ಪಿಸುಗುಟ್ಟಿದ. "ಥೂ!" ಎಂದಳು.

ಆಮೇಲೆ ಹಿಂದಿನ ಬೀದಿಗೆ ಹೋದಳು. ಹಾಡಹಗಲಲ್ಲೇ ಎಲ್ಲರ ಕಿಟಕಿಯೂ ಮುಚ್ಚಿತ್ತು. ನಾಲ್ಕನೆಯ ಬಾಗಿಲಲ್ಲಿ ಆ ದನಿಯ ಮುದುಕಿ ಸಿಕ್ಕಳು.

"ಅಜ್ಜಿ, ಆ ನಂಬರಿಗೆ ಹೇಳ್ಬೇಡಿ. ಅದನ್ನ ಯಾರೂ ಕೇಳಲ್ಲ. ಅಳಿಸೋ ಹಾಗೆ ಮಾಡಿದ್ದು ಮೊದಲು ನಾನೇ."

ಮುದುಕಿ ಅವಳನ್ನು ದಿಟ್ಟಿಸಿ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯ ಬಾಗಿಲು ಬಡಿಯತೊಡಗಿದಳು. ಸಂಜೆಯೊಳಗೆ ಮೂವತ್ತು ಜನ ಕಾರ್ಖಾನೆಯ ಗೇಟಿಗೆ ಅಡ್ಡ ಕೂತರು.