ಗಂಟು ಬಿಚ್ಚದವರು

ನನಗೊಂದು ಕೆಟ್ಟ ಚಾಳಿ. ಯಾರಾದರೂ ತಲೆಗೆ ಹುಳ ಬಿಟ್ಟರೆ ಮುಗಿಯಿತು, ಅದರ ಹಿಂದುಮುಂದು ತಿಳಿಯುವ ತನಕ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಈ ಸಲ ಹುಳ ಬಿಟ್ಟವಳು ನಮ್ಮಕ್ಕ.

ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದ ಅಧಿಕಾರಿ. ಮನೆಯಲ್ಲಿರುವುದು ನಾವಿಬ್ಬರೇ, ಗಲಾಟೆ ಮಾತ್ರ ಹತ್ತು ಜನರದ್ದು. ಹೋದ ವರ್ಷ ಅವಳಿಗೆ ಅಂಚು ಹೊಲಿಯುವ ಹೊಸ ಮಷೀನ್ ಬೇಕಾಯಿತು. ಅದಕ್ಕೆ ಸಾಲುವಷ್ಟು ದುಡ್ಡು ನಮ್ಮ ಬ್ಯಾಂಕಿನಲ್ಲೇ ಅವಳ ಎಫ್‌ಡಿಯಲ್ಲಿತ್ತು. ಮುರಿಸಿದ್ದರೆ ಆಗಿಹೋಗುತ್ತಿತ್ತು. ಮಹಾತಾಯಿ ಮುರಿಸಲಿಲ್ಲ! ಆ ಎಫ್‌ಡಿಯನ್ನೇ ಅಡ ಇಟ್ಟು, ಅದರ ಮೇಲೆ ಸಾಲ ತೆಗೆದಳು. ಎಫ್‌ಡಿಗೆ ಬ್ಯಾಂಕು ಕೊಡುವ ಬಡ್ಡಿಗಿಂತ ಸಾಲಕ್ಕೆ ಬ್ಯಾಂಕು ಕೀಳುವ ಬಡ್ಡಿ ಹೆಚ್ಚು. ತನ್ನ ಕೊಡೆಯನ್ನೇ ತಾನು ಬಾಡಿಗೆಗೆ ತಂದಂತಾಯಿತು.

"ಅಕ್ಕಾ, ನಿನ್ನ ತಲೆ ನೆಟ್ಟಗಿದೆಯಾ?" ಅಂದೆ.

"ಗಂಟು ಬಿಚ್ಚಬಾರದು," ಅಂದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ಯಾಕೆ?"

"ಬಿಚ್ಚಬಾರದು ಅಷ್ಟೇ. ತಲೆ ತಿನ್ಬೇಡ, ಹೋಗೆ."

ಇಂಥವರು ನಮ್ಮ ಬ್ಯಾಂಕಿಗೆ ದಂಡಿಯಾಗಿ ಬರುತ್ತಾರೆ. ಅವರಿಗೆ ನಾವು ಇಟ್ಟ ಹೆಸರು 'ಗಂಟಿನ ಗಿರಾಕಿ'. ಒಬ್ಬರು ಬಂದರೆ ಸಾಕು, ಪಕ್ಕದ ಮೇಜಿನವರು ಕಣ್ಣು ಹೊಡೆಯುತ್ತಾರೆ. ನಾನೂ ನಗುತ್ತಿದ್ದೆ. ಅಕ್ಕನ ಕಾಗದಕ್ಕೆ ಸಹಿ ಹಾಕಿದ ಮೇಲೆ ನಗು ಬರಲಿಲ್ಲ, ಕುತೂಹಲ ಬಂತು. ಅದೇ ವಾರ ಗಣಿತದ ಮೇಷ್ಟ್ರೊಬ್ಬರು ಬಂದರು. ಜೀವಮಾನವಿಡೀ ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸಿ ನಿವೃತ್ತರಾದವರು. ಎಷ್ಟು ನಷ್ಟವಾಗುತ್ತದೆಂದು ನನಗಿಂತ ಮೊದಲೇ ಬಾಯಿಲೆಕ್ಕದಲ್ಲಿ ಹೇಳಿ, ಆದರೂ ಎಫ್‌ಡಿ ಮೇಲೆಯೇ ಸಾಲ ಕೇಳಿದರು.

ಹಣಕಾಸಿನಲ್ಲಿ ಪಿಎಚ್‌ಡಿ ಮಾಡಬೇಕು ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. ಈ ಒಗಟನ್ನು ಕೂತು ಬಿಡಿಸಬೇಕು, ಅಷ್ಟೇ ಆಸೆ. ವಿಷಯ ಕಿವಿಗೆ ಬಿದ್ದದ್ದೇ ತಡ, ಮ್ಯಾನೇಜರ್, "ಈ ವಯಸ್ಸಲ್ಲಿ ಯಾಕಮ್ಮಾ ಇಲ್ಲದ ಉಸಾಬರಿ? ಇರೋ ಕೆಲಸ ನೆಮ್ಮದಿಯಾಗಿ ಮಾಡ್ಕೊಂಡಿರಿ" ಎಂದರು. ನನಗೆ ಯಾರಾದರೂ ಬೇಡ ಎಂದರೆ ಮೈಯೆಲ್ಲ ಉರಿಯುತ್ತದೆ. ಅಂದೇ ವಿಶ್ವವಿದ್ಯಾಲಯದಿಂದ ಅರ್ಜಿ ತಂದೆ.

ಅರ್ಜಿಯ ಜೊತೆ ಸಂಶೋಧನೆಯ ಪ್ರಸ್ತಾವ ಕೊಡಬೇಕು, ಮಾರ್ಗದರ್ಶಕರೊಬ್ಬರು ಅದಕ್ಕೆ ಒಪ್ಪಿ ಸಹಿ ಹಾಕಬೇಕು. ರಜೆಯ ದಿನಗಳೆಲ್ಲ ಕೂತು ಬರೆದು, ಒಂದು ಸೋಮವಾರ ಪ್ರೊಫೆಸರ್ ಮುಂದೆ ಇಟ್ಟೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಓದುವ ಹೆಂಗಸು. ಓದುತ್ತಾ ಓದುತ್ತಾ ಅವರ ತುಟಿಯಂಚು ಕುಣಿಯತೊಡಗಿತು.

"ಕೊನೇ ಸಾಲು ಸ್ವಲ್ಪ ಓದಿ ಹೇಳ್ತೀರಾ?"

ಓದಿದೆ. "ಮೇಲ್ಕಂಡ ಕಾರಣಗಳಿಂದ ಈ ಪ್ರಸ್ತಾವವು ಎಲ್ಲ ರೀತಿಯಿಂದಲೂ ಸುರಕ್ಷಿತವಾಗಿದ್ದು, ಮಂಜೂರಾತಿಗೆ ಶಿಫಾರಸು ಮಾಡಲಾಗಿದೆ."

ಅಯ್ಯೋ ನನ್ನ ಕರ್ಮವೇ! ನಾನು ಬರೆದದ್ದು ಸಾಲದ ಟಿಪ್ಪಣಿ. ಬ್ಯಾಂಕಿನಲ್ಲಿ ಮೇಲಿನವರಿಗೆ ಕಡತ ಕಳಿಸುವಾಗ ಒಂದು ಸಂದೇಹ ಉಳಿದರೂ ಅದು ಗೋಡೆಗೆ ಹೊಡೆದ ಚೆಂಡಿನಂತೆ ವಾಪಸ್ ಬರುತ್ತದೆ. ಹಾಗಾಗಿ ಇರುವ ತೂತುಗಳನ್ನೆಲ್ಲ ಮುಚ್ಚಿಯೇ ಕಳಿಸುವುದು ನಮ್ಮ ಪದ್ಧತಿ. ಇಲ್ಲಿಯೂ ಮುಚ್ಚಿದ್ದೆ. ಕಾರಣ: ಜನರಿಗೆ ಲೆಕ್ಕ ಬರುವುದಿಲ್ಲ. ಪರಿಹಾರ: ತಿಳಿವಳಿಕೆ ಕೊಡುವುದು.

"ಇವರ್ಯಾರಿಗೂ ಲೆಕ್ಕ ಬರಲ್ವಾ?" ಕೇಳಿದರು ಪ್ರೊಫೆಸರ್.

"ಬರೋರೂ ಇದ್ದಾರೆ ಮೇಡಂ. ಒಬ್ಬರು ಗಣಿತದ ಮೇಷ್ಟ್ರೇ ಇದ್ದಾರೆ."

"ಅವರು ಇದ್ರಲ್ಲಿ ಎಲ್ಲಿ?"

"ಬಿಟ್ಟೆ ಮೇಡಂ. ಅವರನ್ನ ಸೇರಿಸಿದ್ರೆ ಟಿಪ್ಪಣಿ ನಿಲ್ಲಲ್ಲ."

ಅವರು ಜೋರಾಗಿ ನಕ್ಕುಬಿಟ್ಟರು. "ನಿಲ್ಲದೇ ಇರೋದೇ ನನಗೆ ಬೇಕಾಗಿರೋದು. ಎಲ್ಲಾ ಗೊತ್ತಿದ್ರೆ ಪಿಎಚ್‌ಡಿ ಯಾಕೆ ಮಾಡ್ತೀರಿ? ಶುಕ್ರವಾರ ಅರ್ಜಿಗೆ ಕೊನೇ ದಿನ. ನಿಮಗೆ ಏನು ಗೊತ್ತಿಲ್ಲ ಅನ್ನೋದನ್ನ ಬರ್ಕೊಂಡು ಬನ್ನಿ, ಇಲ್ಲಾಂದ್ರೆ ನಾನು ಸಹಿ ಹಾಕಲ್ಲ. ಹಾಂ, ಕೆಲಸ ಬಿಟ್ಟು ಬರ್ತೀರೋ, ರಜೆ ಹಾಕಿ ಬರ್ತೀರೋ, ಅದನ್ನೂ ತೀರ್ಮಾನ ಮಾಡಿ."

ಮನೆಗೆ ಬಂದು ಚೀಲ ಎಸೆದೆ. ಅಕ್ಕ ಕತ್ತರಿ ನಿಲ್ಲಿಸದೆ, "ಯಾರ ಮೇಲಿನ ಕೋಪ ಚೀಲದ ಮೇಲೆ?" ಎಂದಳು. ಎಲ್ಲ ಹೇಳಿದೆ. "ನೀನೇ ಹೇಳು, ಯಾಕೆ ಮುರಿಸಲಿಲ್ಲ? ಸರಿಯಾಗಿ ಹೇಳು" ಎಂದು ಗೋಗರೆದೆ. ಕಷ್ಟಕ್ಕೆ ಇರಲಿ ಅಂತ, ಎಂದಳು. ಇದೇ ಕಷ್ಟ ಅಲ್ಲವೇ ಅಂದರೆ, ಹೌದಲ್ಲ, ಎಂದಳು. ಮುರಿಸಿದರೆ ಮತ್ತೆ ಕೂಡಿಸಲಾಗದು ಎಂದಳು. ಸಾಲದ ಕಂತಿಗೆ ಕೂಡಿಸಲು ಆಯಿತಲ್ಲ ಅಂದರೆ, ಅದೂ ಹೌದು, ಎಂದಳು. ಕೊನೆಗೆ, "ನಂಗೂ ಗೊತ್ತಿಲ್ಲ ಕಣೆ. ಕೈ ಬರಲಿಲ್ಲ" ಎಂದು ಬಟ್ಟೆಗೆ ಗುರುತು ಹಾಕತೊಡಗಿದಳು. ಅದರಿಂದ ನನಗೇನು ಸಿಕ್ಕಿತು, ಮಣ್ಣು.

ಪ್ರಸ್ತಾವದ ದಾರಿ ಕಾಣದೆ, ಮರುದಿನ ಇನ್ನೊಂದು ಪ್ರಶ್ನೆಗೆ ಕೈ ಹಾಕಿದೆ. ಲೆಕ್ಕದ ಕೆಲಸವೆಂದರೆ ನನಗೆ ಸಲೀಸು. ರಾಜೀನಾಮೆ ಕೊಟ್ಟು ಸೇರಿದರೆ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಡುತ್ತದೆ. ರಜೆ ಹಾಕಿ ಸೇರಿದರೆ ಅತ್ತ ಸಂಬಳವೂ ಇಲ್ಲ, ಇತ್ತ ವಿದ್ಯಾರ್ಥಿವೇತನವೂ ಇಲ್ಲ. ಮೇಲಿಂದ, ಬ್ಯಾಂಕಿಗೆ ಮರಳದಿದ್ದರೆ ದಂಡ ಕಟ್ಟುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಮರಳುವ ಆಸೆಯಂತೂ ನನಗೆ ಎಳ್ಳಷ್ಟೂ ಇರಲಿಲ್ಲ. ಹೇಗೆ ಕೂಡಿಸಿ ಕಳೆದರೂ ರಾಜೀನಾಮೆಯೇ ಲಾಭ. ಅಕ್ಕನಿಗೂ ಹಾಗೇ ಬಿಡಿಸಿ ಹೇಳಿದೆ.

ಗುರುವಾರ ಸಂಜೆ ಅವಳ ಕತ್ತರಿಸುವ ಮೇಜಿನ ತುದಿಯಲ್ಲೇ ಕೂತು ಅರ್ಜಿ ತುಂಬುತ್ತಿದ್ದೆ. ಅಕ್ಕ ಬಗ್ಗಿ ನೋಡಿದಳು.

"ಬಿಡೋದೇ ಲಾಭ ಅಂದಿದ್ಯಲ್ಲೇ?"

"ಹೂಂ."

"ವಾಪಸ್ ಹೋಗಲ್ಲ ಅಂತಾನೂ ಅಂದೆ."

"ಹೋಗಲ್ಲ."

"ಮತ್ತೆ ಇಲ್ಲಿ ರಜೆ ಅಂತ ಬರ್ದಿದ್ದೀಯಲ್ಲ, ಯಾಕೆ?"

ಸಿಟ್ಟು ಬಂತು. "ಇರೋ ಕೆಲಸ ಬಿಡಬಾರದು ಅಷ್ಟೇ. ತಲೆ ತಿನ್ಬೇಡ, ಹೋಗೆ!"

ಅಕ್ಕ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನನಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದಾಗ ಮೊದಲು ನಾಚಿಕೆಯಾಯಿತು, ಆಮೇಲೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಲೆಕ್ಕ ನಾನೇ ಮಾಡಿದ್ದೆ, ಎರಡೆರಡು ಸಲ ತಾಳೆ ನೋಡಿದ್ದೆ. ಆದರೂ ನನ್ನ ಕೈ ರಜೆ ಎಂದೇ ಬರೆದಿತ್ತು.

"ಬಾರಮ್ಮಾ ಬಾ, ನಮ್ಮ ಸಾಲಲ್ಲೇ ನಿಂತ್ಕೋ," ಎಂದು ಅಕ್ಕ ಕಣ್ಣೊರೆಸಿಕೊಂಡಳು. "ಊಟಕ್ಕೆ ಯೋಚನೆ ಮಾಡ್ಬೇಡ, ನಾನಿದ್ದೀನಿ. ಬೇಕಾದ್ರೆ ಎಫ್‌ಡಿ ಮೇಲೆ ಇನ್ನೊಂದು ಸಾಲ ತೆಗೆದ್ರಾಯ್ತು."

ಹಳೆಯ ಪ್ರಸ್ತಾವವನ್ನು ಹರಿದು ಅವಳ ಚಿಂದಿ ಬುಟ್ಟಿಗೆ ಹಾಕಿದೆ. ಹೊಸದು ಒಂದೇ ಪುಟಕ್ಕೆ ಮುಗಿಯಿತು. ಅದರಲ್ಲಿ ಮೇಷ್ಟ್ರು ಬಂದರು, ಟೈಲರ್ ಬಂದಳು, ಕೊನೆಗೆ ಬ್ಯಾಂಕಿನ ಅಧಿಕಾರಿಯೊಬ್ಬಳೂ ಬಂದಳು.

ಶುಕ್ರವಾರ ಪ್ರೊಫೆಸರ್ ಅದನ್ನು ಓದಿ, ಕನ್ನಡಕವನ್ನು ಕೆಳಗಿಳಿಸಿ ನನ್ನನ್ನೇ ನೋಡಿದರು.

"ಈ ಅಧಿಕಾರಿ ಯಾಕೆ ಹೀಗೆ ಮಾಡಿದ್ರು?"

"ಗೊತ್ತಿಲ್ಲ ಮೇಡಂ."

"ಕೇಳಿ ನೋಡಿದ್ರಾ?"

"ರಾತ್ರಿಯೆಲ್ಲ ಕೇಳ್ದೆ. ಅವಳಿಗೂ ಗೊತ್ತಿಲ್ಲವಂತೆ."

ಅವರು ಪೆನ್ನು ತೆಗೆದರು. ಅರ್ಜಿಯ ಮೇಲಿದ್ದ 'ರಜೆ' ಎಂಬುದರ ಹತ್ತಿರ ಅದನ್ನು ನಿಲ್ಲಿಸಿ, "ಇದರಲ್ಲಿ ನಿಮಗೆ ನಷ್ಟ ಇದೆ. ಲೆಕ್ಕ ಹಾಕಿದ್ದೀರಿ ತಾನೇ?" ಎಂದು ಕೇಳಿದರು.

"ಹಾಕಿದ್ದೀನಿ ಮೇಡಂ," ಅಂದೆ. "ಲೆಕ್ಕ ಚೆನ್ನಾಗಿ ಬರುತ್ತೆ."

ಅವರು ಸಹಿ ಹಾಕಿದರು.