ಸಿಗ್ನಲ್ ಕೊಡುವವನು

ಜಯಪ್ಪನವರ ಸೊಂಟದ ಕೀಲು ಬದಲಿಸಿದ ಗಾಯ ಚೆನ್ನಾಗಿ ಮಾಯುತ್ತಿತ್ತು. ಬಲತೊಡೆಯ ಸ್ನಾಯು ಮಾತ್ರ ಎಚ್ಚರವಾಗಿರಲಿಲ್ಲ. ನೋವಾದ ಕೀಲಿನ ಸುತ್ತ ನರಗಳು ಸ್ನಾಯುವನ್ನು ಹೀಗೆ ತಡೆಹಿಡಿಯುವುದುಂಟು. ಅದು ಎಚ್ಚರಾಗದಿದ್ದರೆ ನಿಂತಾಗ ಮಂಡಿ ಕುಸಿಯುತ್ತದೆ. ಬಿದ್ದರೆ ಹೊಸ ಕೀಲು ಜಾರಬಹುದು. ಅದಕ್ಕೇ ಫಿಸಿಯೋಥೆರಪಿಸ್ಟ್ ಆದ ನಾನು ಶಿವಮೊಗ್ಗದ ಹೊಸಮನೆಯಿಂದ ಭದ್ರಾವತಿಯ ನ್ಯೂ ಟೌನಿಗೆ ಬಂದು, ಅವರ ತೊಡೆಗೆ ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಡುತ್ತಿದ್ದೆ.

"ಮಷೀನ್ ಜೊತೆಗೆ ನೀವೂ ಮಂಡಿಯನ್ನ ಹಾಸಿಗೆಗೆ ಒತ್ತಬೇಕು," ಎಂದೆ.

"ಯಾವಾಗ ಒತ್ಬೇಕು ಅಂತ ಹೆಂಗೆ ಗೊತ್ತಾಗತ್ತೆ ಮಾರಾಯ್ತಿ?"

"ಜುಮ್ ಅಂದ ತಕ್ಷಣ. ಅದನ್ನೇ ಸಿಗ್ನಲ್ ಅಂದ್ಕೊಳ್ಳಿ."

ಅವರ ಮುಖ ಅರಳಿತು. ಜಯಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದವರು. ಮೇಲೆ ಕ್ಯಾಬಿನ್ನಿನಲ್ಲಿ ಕೂತವನಿಗೆ ಕೆಳಗಿನದೆಲ್ಲ ಕಾಣುವುದಿಲ್ಲ. ನೆಲದ ಮೇಲೆ ನಿಂತವನು ಕೈ ತೋರಿಸಿದರೆ ಮಾತ್ರ ಕ್ರೇನ್ ಕದಲಬೇಕು. ಸ್ವಂತ ಬುದ್ಧಿ ಓಡಿಸಬಾರದು. ಇವರಿಗೆ ಕೈ ತೋರಿಸುತ್ತಿದ್ದವನು ಚಂದ್ರಹಾಸ. ಅವನು ತೀರಿಹೋಗಿ ವರ್ಷಗಳಾಗಿದ್ದವು.

"ಅವನು ಬೆರಳೆತ್ತಿದ್ರೆ ನನ್ನ ಕಾಲು ಬ್ರೇಕ್ ಬಿಡ್ತಿತ್ತು. ನಡುವೆ ನಾನೇ ಇರ್ತಿರ್ಲಿಲ್ಲ," ಎಂದರು.

"ಮನೇಲೂ ಹಂಗೇ ಮಾತು ಕೇಳಿದ್ರೆ ಆಗ್ತಿತ್ತು," ಎಂದರು ಅವರ ಹೆಂಡತಿ ಪದ್ಮಮ್ಮ, ಕಾಫಿ ಇಡುತ್ತಾ.

ಅಂದಿನಿಂದ ಸ್ನಾಯು ಬಿಗಿಯತೊಡಗಿತು. ಒಂದು ಬೆಳಿಗ್ಗೆ ಅವರಿಗೆ ಹೇಳದೆ ಕರೆಂಟನ್ನು ಸೊನ್ನೆಗೆ ಇಳಿಸಿದೆ. ತೊಡೆ ಅಷ್ಟೇ ಗಟ್ಟಿಯಾಗಿ ಬಿಗಿಯಿತು.

"ನೋಡಿ, ಈಗ ಮಷೀನ್ ಏನೂ ಕೊಟ್ಟಿಲ್ಲ. ನೀವೇ ಒತ್ತಿದ್ದು."

"ನಾನಾ? ಇಲ್ಲಮ್ಮ."

ತಮಾಷೆ ಎಂದುಕೊಂಡು ಪ್ಯಾಡ್ ಬಿಡಿಸಿ, ವೈರ್ ಸುತ್ತಿ ಬ್ಯಾಗಿಗೆ ಹಾಕಿದೆ. ತೊಡೆ ಮತ್ತೆ ಬಿಗಿಯಿತು, ಸಡಿಲಾಯಿತು, ಬಿಗಿಯಿತು. ಸುಮ್ಮನೆ ಬರುವ ಸೆಳೆತ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಜಯಪ್ಪ ಕಾಲನ್ನು ನೋಡುತ್ತಿರಲಿಲ್ಲ. ತೆರೆದ ಬಾಗಿಲಿನಾಚೆ ನೋಡುತ್ತಿದ್ದರು.

ವಾಕರ್ ಹಿಡಿದು ಎದ್ದರು. ಮಂಡಿ ಕುಸಿಯಲಿಲ್ಲ. ಒಂದೊಂದೇ ಹೆಜ್ಜೆಯಿಟ್ಟು ವರಾಂಡಕ್ಕೆ ಬಂದರು. ನನಗೆ ಸಂತೋಷವಾಗಬೇಕಿತ್ತು. ಆದರೆ ಮುಂದೆ ಮೆಟ್ಟಿಲುಗಳಿದ್ದವು. ಮೆಟ್ಟಿಲಿಳಿಯುವುದನ್ನು ನಾನಿನ್ನೂ ಹೇಳಿಕೊಟ್ಟಿರಲಿಲ್ಲ. ಓಡಿಹೋಗಿ ಅಡ್ಡ ನಿಂತೆ.

"ಸಾಕು, ನಿಲ್ಲಿ."

ಅವರ ಹಣೆ ಬೆವೆತಿತ್ತು. ಕಾಲು ಮುಂದಕ್ಕೇ ಬಂತು.

"ನನಗೆ ಹೇಳಿ ಏನು ಪ್ರಯೋಜನ? ಅವನಿಗೆ ಹೇಳು."

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬಿಸಿಲು ಬಿದ್ದ ಮೆಟ್ಟಿಲು, ಒಣಗಲು ಹಾಕಿದ್ದ ಕಾಲೊರೆಸು, ಅಷ್ಟೇ.

ಪದ್ಮಮ್ಮ ಒಳಗಿನಿಂದ ಬಂದರು. ಗಂಡನ ಮುಖ ನೋಡಿದರು, ಅವರು ನೋಡುತ್ತಿದ್ದ ಕಡೆಗೆ ನೋಡಿದರು, ಸೆರಗು ಸರಿಮಾಡಿಕೊಂಡರು.

"ಇವತ್ತಿಗೆ ಸಾಕು ಚಂದ್ರಹಾಸಣ್ಣ," ಎಂದರು, ಮನೆಗೆ ಬಂದವರನ್ನು ಕಳಿಸಿಕೊಡುವ ದನಿಯಲ್ಲಿ. "ನಾಳೆ ಬನ್ನಿ."

ಕಾಲು ನಿಂತಿತು. ಮಂಡಿ ಮೆತ್ತಗಾಗುವ ಮೊದಲು ನಾನು ಕುರ್ಚಿ ಎಳೆದು ಅವರನ್ನು ಕೂರಿಸಿದೆ.